ಹಚ್ಚಿದ್ದೂ ಒಳಗೆ ಹೋಗುತ್ತದೆ



ಇವತ್ತಿನ ಮಾತು ಚರ್ಮದ ಕುರಿತು. ಚರ್ಮದ ಅಂದಚೆಂದದ ಕುರಿತಲ್ಲ. ಚರ್ಮದ ಮೇಲೆ ಹಚ್ಚಿದ ಔಷಧ ಮೈಯೊಳಗೆ ಹೋಗುವ ಕುರಿತು.

ಗುಳಿಗೆ ಕೊಟ್ಟರೆ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಎಷ್ಟು ಹೊತ್ತಿಗೆ? ಊಟದ ಮೊದಲೋ, ಆಮೇಲೋ? ಎಷ್ಟು ದಿನ? ಸೂಜಿ ಎಂದರಂತೂ ಇನ್ನೂ ಹೆಚ್ಚು ಎಚ್ಚರ. ಮುಲಾಮಿನ ಟ್ಯೂಬು ಕೈಗೆ ಬಂದಾಗ ಮಾತ್ರ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ. "ಬರೇ ಹಚ್ಚೋದದಲ್ಲ, ಏನಾಗ್ತದ್ರೀ?" ಎಂದುಬಿಡುತ್ತೇವೆ. ಏನಾಗುತ್ತದೆ ಎಂಬುದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಯಾದಗಿರಿ, ಶಹಾಪುರ, ಸುರಪುರದ ಕೇಳುಗರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಬೇಕು. ಅದಕ್ಕೆ ಎರಡು ಕಾರಣ. ಒಂದು, ನಮ್ಮದು ಬಿಸಿಲಿನ ಸೀಮೆ. ಬೆವರು ಹೆಚ್ಚು, ಗಜಕರ್ಣ ಹೆಚ್ಚು, ಹಾಗಾಗಿ ಮುಲಾಮೂ ಹೆಚ್ಚು. ಎರಡು, ಕೃಷ್ಣಾ ನೀರು ಕಾಲುವೆಗೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತ ಬಂದವು. ಅವುಗಳ ಹಿಂದೆಯೇ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಪಂಪೂ ಬೆನ್ನಿಗೇರಿತು. ಮುಲಾಮು ಚರ್ಮದೊಳಗೆ ಹೋಗುವ ದಾರಿಯಲ್ಲೇ ಹೊಲದ ಎಣ್ಣಿಯೂ ಹೋಗುತ್ತದೆ. ಔಷಧ ಯಾವುದು, ವಿಷ ಯಾವುದು ಎಂದು ಚರ್ಮ ವಿಚಾರಿಸುವುದಿಲ್ಲ.

ಮೊದಲು ಚರ್ಮ ಹೇಗಿದೆ ನೋಡೋಣ.

ಬೆಳೆದ ಮನುಷ್ಯನ ಚರ್ಮವನ್ನು ಬಿಡಿಸಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರು ಆಗುತ್ತದೆ. ಅದರಲ್ಲಿ ಹಲವು ಪದರಗಳಿವೆ. ಕಾವಲಿನ ಕೆಲಸವನ್ನೆಲ್ಲ ಹೊತ್ತಿರುವುದು ಎಲ್ಲಕ್ಕಿಂತ ಮೇಲಿನ ಪದರ. ಅದು ಸತ್ತ ಜೀವಕೋಶಗಳ ಪದರ. ದಪ್ಪ ಎಷ್ಟು? ಒಂದು ಮಿಲಿಮೀಟರನ್ನು ಐವತ್ತು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು. ಅಂಗೈ, ಅಂಗಾಲಿನಲ್ಲಿ ಮಾತ್ರ ಇದಕ್ಕಿಂತ ಬಹಳ ದಪ್ಪ.

ಈ ಪದರವನ್ನು ಒಂದು ಗೋಡೆ ಎಂದುಕೊಳ್ಳಿ. ಸತ್ತ ಕೋಶಗಳು ಅದರ ಕಲ್ಲುಗಳು. ಕಲ್ಲಿನ ನಡುವೆ ಗಾರೆ ಇರುತ್ತದಲ್ಲ, ಇಲ್ಲಿ ಆ ಗಾರೆ ಕೊಬ್ಬಿನದು. ಹೊರಗಿನಿಂದ ಬಂದದ್ದು ಒಳಗೆ ಹೋಗಬೇಕಾದರೆ ಬಹುಮಟ್ಟಿಗೆ ಆ ಗಾರೆಯ ಸಂದಿನಲ್ಲೇ ನುಸುಳಬೇಕು. ನೀರಿನಲ್ಲಿ ಮಾತ್ರ ಕರಗುವ ವಸ್ತುವಿಗೆ ಅದು ಸುಲಭವಲ್ಲ. ಅದಕ್ಕೇ ನಾವು ಕೃಷ್ಣೆಯಲ್ಲೋ ಭೀಮೆಯಲ್ಲೋ ತಾಸುಗಟ್ಟಲೆ ಈಜಿದರೂ ಹೊಳೆಯ ನೀರು ಮೈಗೆ ಇಳಿಯುವುದಿಲ್ಲ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳಿಗೆ ಮಾತ್ರ ದಾರಿ ಸಿಗುತ್ತದೆ.

ಎಷ್ಟು ಸಣ್ಣ? ಅಣುಗಳ ತೂಕಕ್ಕೆ ಡಾಲ್ಟನ್ ಎಂಬ ಅಳತೆ ಇದೆ. 500 ಡಾಲ್ಟನ್‌ಗಿಂತ ಕಡಿಮೆ ತೂಕದ ಅಣು ಚರ್ಮ ದಾಟಬಲ್ಲದು, ಅದಕ್ಕಿಂತ ದೊಡ್ಡದು ದಾಟುವುದು ಕಷ್ಟ. ಇದು ವಿಜ್ಞಾನಿಗಳು ಇಟ್ಟುಕೊಂಡಿರುವ ಸ್ಥೂಲ ಲೆಕ್ಕ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಣುವಿನ ತೂಕ ಸುಮಾರು 6000. ಹಾಗಾಗಿ ಇನ್ಸುಲಿನ್ ಅನ್ನು ಮುಲಾಮಿನಂತೆ ಹಚ್ಚಿ ಫಲವಿಲ್ಲ, ಸೂಜಿಯೇ ಬೇಕು. ತಂಬಾಕಿನ ನಿಕೋಟಿನ್ ಸುಮಾರು 160. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಸುಮಾರು 225. ಇವು ದಾಟುತ್ತವೆ. ಹತ್ತಿ ಬೆಳೆಗೆ ಬಹುಕಾಲ ಹೊಡೆಯುತ್ತಿದ್ದ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವೂ ಸುಮಾರು 225ರ ಆಸುಪಾಸಿನದೇ. ಹೃದಯದ ಔಷಧ, ಹೊಲದ ವಿಷ, ಎರಡರ ಅಳತೆಯೂ ಒಂದೇ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಚರ್ಮದ ಮೇಲ್ಪದರ ಗಟ್ಟಿ ಕಾವಲುಗಾರ. ಆದರೆ ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಅದನ್ನು ದಾಟುತ್ತವೆ. ಇನ್ನು, ವೈದ್ಯರು ಇದನ್ನು ಉಪಯೋಗಕ್ಕೆ ತಂದ ಬಗೆ.

ಈ ವಿಷಯದಲ್ಲಿ ವೈದ್ಯರಿಗಿಂತ ಮೊದಲು ಪಾಠ ಕಲಿತವರು ಕೂಲಿಕಾರರು. ನೈಟ್ರೋಗ್ಲಿಸರಿನ್ ಎದೆನೋವಿನ ಔಷಧವೂ ಹೌದು, ಬಂಡೆ ಸಿಡಿಸುವ ಡೈನಮೈಟಿನ ಸರಕೂ ಹೌದು. ಡೈನಮೈಟ್ ಕಾರ್ಖಾನೆಗಳಲ್ಲಿ ಅದು ಕೆಲಸಗಾರರ ಕೈಗೆ ಹತ್ತುತ್ತಿತ್ತು. ಚರ್ಮದಿಂದ ರಕ್ತಕ್ಕೆ ಇಳಿದು ರಕ್ತನಾಳ ಹಿಗ್ಗಿಸುತ್ತಿತ್ತು. ತಲೆ ಸಿಡಿಯುತ್ತಿತ್ತು. ವಾರವಿಡೀ ಕೆಲಸ ಮಾಡಿದರೆ ಮೈ ಒಗ್ಗುತ್ತಿತ್ತು. ಭಾನುವಾರ ರಜೆ ಮುಗಿಸಿ ಸೋಮವಾರ ಬಂದರೆ ಮತ್ತೆ ತಲೆನೋವು. ಅದಕ್ಕೆ ಸೋಮವಾರದ ಕಾಯಿಲೆ ಎಂದೇ ಹೆಸರು ಬಿತ್ತು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಎದೆನೋವಿಗೆ ಬರೆದುಕೊಟ್ಟದ್ದೂ ನೈಟ್ರೋಗ್ಲಿಸರಿನ್ನೇ.

ತಂಬಾಕಿನ ಕೊಯ್ಲಿನಲ್ಲೂ ಇದೇ ಕತೆ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಹಸಿ ಎಲೆ ಕೀಳುವವರಿಗೆ ವಾಂತಿ, ತಲೆಸುತ್ತು, ನಿತ್ರಾಣ ಬರುತ್ತದೆ. ಬೀಡಿ ಸೇದದವರಿಗೂ ಬರುತ್ತದೆ. ಎಲೆಯ ನಿಕೋಟಿನ್ ಒದ್ದೆ ಕೈಯಿಂದ ಮೈಗೆ ಇಳಿದಿರುತ್ತದೆ. ಗುಜರಾತಿನ ತಂಬಾಕು ಕೂಲಿಗಳಲ್ಲಿ ಇದನ್ನು ವಿಜ್ಞಾನಿಗಳು ಅಧ್ಯಯನ ಮಾಡಿ ದಾಖಲಿಸಿದ್ದಾರೆ.

ಆಮೇಲೆ ವೈದ್ಯವಿಜ್ಞಾನ ಇದನ್ನೇ ಲೆಕ್ಕಕ್ಕೆ ತಂದಿತು. 1979ರಲ್ಲಿ ಅಮೆರಿಕದಲ್ಲಿ ಮೊದಲ ಔಷಧದ ಪಟ್ಟಿಗೆ ಅನುಮತಿ ಸಿಕ್ಕಿತು. ವೈದ್ಯರು ಅದನ್ನು ಪ್ಯಾಚ್ ಎನ್ನುತ್ತಾರೆ. ನಾಣ್ಯದಷ್ಟಗಲದ ಅಂಟುಪಟ್ಟಿ. ಕಿವಿಯ ಹಿಂದೆ ಅಂಟಿಸಿಕೊಳ್ಳುವುದು. ಹಡಗಿನಲ್ಲಿ, ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೆ ಅದು ಮೂರು ದಿನ ಔಷಧ ಉಣಿಸುತ್ತಿತ್ತು. ಅದರ ಹಿಂದೆಯೇ ಎದೆನೋವಿನ ಪಟ್ಟಿ, ರಕ್ತದೊತ್ತಡದ ಪಟ್ಟಿ, ತಂಬಾಕು ಬಿಡಿಸುವ ನಿಕೋಟಿನ್ ಪಟ್ಟಿ, ಕ್ಯಾನ್ಸರಿನ ನೋವಿಗೆ ಫೆಂಟನಿಲ್ ಪಟ್ಟಿ ಬಂದವು. ಇಷ್ಟು ವರ್ಷವಾದರೂ ಹೀಗೆ ಕೊಡಬಲ್ಲ ಔಷಧಗಳು ಇಪ್ಪತ್ತರ ಆಸುಪಾಸು ಮಾತ್ರ. ಚರ್ಮದ ಕಾವಲು ಅಷ್ಟು ಬಿಗಿ.

ಪಟ್ಟಿಯಿಂದ ಲಾಭ ಏನು? ನುಂಗಿದ ಗುಳಿಗೆ ಹೊಟ್ಟೆಯಿಂದ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ. ಕೆಲವು ಔಷಧಗಳ ಬಹುಪಾಲು ಅಲ್ಲೇ ಹಾಳಾಗುತ್ತದೆ. ಚರ್ಮದಿಂದ ಹೋದದ್ದು ಆ ಸುಂಕದಕಟ್ಟೆಗೆ ಹೋಗದೆ ನೇರವಾಗಿ ರಕ್ತ ಸೇರುತ್ತದೆ. ಗುಳಿಗೆ ನುಂಗಿದಾಗ ಔಷಧ ಒಮ್ಮೆಲೇ ಏರಿ ಇಳಿಯುತ್ತದೆ, ಪಟ್ಟಿಯಿಂದ ಸಮನಾಗಿ ಸಿಗುತ್ತದೆ. ವಾಂತಿಯಾಗುವವರಿಗೆ, ನುಂಗಲು ಬಾರದವರಿಗೆ ಇದು ದೊಡ್ಡ ನೆರವು. ಗಂಟಲ ಕ್ಯಾನ್ಸರಿನ ರೋಗಿ ಗುಳಿಗೆ ಹೇಗೆ ನುಂಗಬೇಕು ಹೇಳಿ. ಯಾದಗಿರಿ ಜಿಲ್ಲೆಯಿಂದ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಹೋಗುವ ಮನೆಗಳವರಿಗೆ ಈ ಕಷ್ಟ ಗೊತ್ತು. 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್‌ನಂಥ ನೋವಿನ ಔಷಧಗಳು ಅಗತ್ಯವಿರುವ ರೋಗಿಗೆ ಸಿಗುವ ದಾರಿ ಸ್ವಲ್ಪ ಸರಳವಾಯಿತು.

ಪಟ್ಟಿ ಬಳಸುವ ಮನೆಯವರಿಗೆ ಕೆಲವು ಕಿವಿಮಾತು. ನಿಧಾನವಾಗಿ ಕೇಳಿಸಿಕೊಳ್ಳಿ.

ಪಟ್ಟಿ ಅಂಟಿಸಿದ ತಕ್ಷಣ ನೋವು ನಿಲ್ಲುವುದಿಲ್ಲ. ಫೆಂಟನಿಲ್ ಪೂರ್ತಿ ಕೆಲಸ ಹಿಡಿಯಲು ಅರ್ಧ ದಿನದಿಂದ ಒಂದು ದಿನ ಬೇಕು. ನೋವು ಇನ್ನೂ ಇದೆಯೆಂದು ಎರಡನೆಯ ಪಟ್ಟಿ ಅಂಟಿಸಬೇಡಿ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಕಾವು ಕೊಡಬೇಡಿ. ಕಾವು ತಗುಲಿದರೆ ಔಷಧ ಒಮ್ಮೆಗೇ ಹೆಚ್ಚು ಇಳಿಯುತ್ತದೆ, ಉಸಿರು ನಿಂತೀತು. ಪ್ರತಿ ಸಲವೂ ಬೇರೆ ಜಾಗಕ್ಕೆ ಅಂಟಿಸಿ. ಹಳೆಯದನ್ನು ಕಿತ್ತ ಮೇಲೆಯೇ ಹೊಸದು. ಕಿತ್ತ ಪಟ್ಟಿಯಲ್ಲಿ ಔಷಧ ಇನ್ನೂ ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಬಿದ್ದಿದ್ದ ಪಟ್ಟಿಯನ್ನು ಬಾಯಿಗೆ ಹಾಕಿಕೊಂಡು, ಮೈಗೆ ಅಂಟಿಸಿಕೊಂಡು ಮಕ್ಕಳು ಸತ್ತ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ.

ಎದೆನೋವಿನ ಪಟ್ಟಿಗೆ ಬೇರೆ ನಿಯಮ. ಅದನ್ನು ಸಾಮಾನ್ಯವಾಗಿ ರಾತ್ರಿ ತೆಗೆಯಲು ಹೇಳುತ್ತಾರೆ. ದಿನವಿಡೀ ಇದ್ದರೆ ಮೈ ಒಗ್ಗಿಹೋಗಿ ಔಷಧ ನಾಟುವುದಿಲ್ಲ. ಸೋಮವಾರದ ಕಾಯಿಲೆಯಲ್ಲಿ ಕೆಲಸಗಾರರ ಮೈ ಒಗ್ಗಿದ್ದೂ ಹೀಗೆಯೇ.

ತಂಬಾಕು ಬಿಡಬೇಕೆನ್ನುವವರಿಗೂ ಒಂದು ಮಾತು. ನಿಕೋಟಿನ್ ಪಟ್ಟಿ ಚಟದ ಸೆಳೆತವನ್ನು ಕಡಿಮೆ ಮಾಡುತ್ತದೆ. ಪಟ್ಟಿಯೂ ಇರಲಿ, ಗುಟ್ಕಾವೂ ಇರಲಿ ಎಂದರೆ ನಡೆಯದು. ತಂಬಾಕಿನ ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಕರೆ ಮಾಡಿದರೆ ಬಿಡುವ ದಾರಿ ಹೇಳುತ್ತಾರೆ.

ಇದುವರೆಗೆ ಎರಡು ಮಾತು ಆದವು. ಒಂದು, ಸಣ್ಣ ಅಣು ಚರ್ಮ ದಾಟುತ್ತದೆ. ಎರಡು, ವೈದ್ಯರು ಅದನ್ನು ಅಳತೆಯಿಟ್ಟು ಬಳಸುತ್ತಾರೆ. ಮೂರನೆಯದು, ಮೈಯ ಎಲ್ಲ ಕಡೆಯ ಚರ್ಮ ಒಂದೇ ಅಲ್ಲ.

1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊವಾರ್ಡ್ ಮೈಬಾಕ್ ಎಂಬ ಚರ್ಮವೈದ್ಯರೂ ಅವರ ಸಂಗಡಿಗರೂ ಒಂದು ಅಧ್ಯಯನ ಪ್ರಕಟಿಸಿದರು. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಮೈಯ ಬೇರೆ ಬೇರೆ ಕಡೆ ಹಚ್ಚಿ, ಎಷ್ಟು ಒಳಗೆ ಹೋಯಿತು ಎಂದು ಅಳೆದರು. ದುಂಡಾಗಿ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಹಚ್ಚಿದ್ದು ನೂರು ಪಾಲು ಎಂದರೆ ಮುಂಗೈಯಲ್ಲಿ ಒಳಗೆ ಹೋದದ್ದು ಒಂಬತ್ತು ಪಾಲು. ಅಂಗೈಯಲ್ಲಿ ಹನ್ನೆರಡು. ಹೊಟ್ಟೆಯ ಮೇಲೆ ಹದಿನೆಂಟು. ತಲೆಯ ಚರ್ಮದಲ್ಲಿ ಮೂವತ್ತೆರಡು. ಹಣೆಯಲ್ಲಿ ಮೂವತ್ತಾರು. ಬಗಲಲ್ಲಿ ಅರವತ್ತನಾಲ್ಕು. ವೃಷಣದ ಚರ್ಮದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನೂರು.

ಇನ್ನೊಮ್ಮೆ ಹೇಳುತ್ತೇನೆ. ಮುಂಗೈಯಲ್ಲಿ ಒಂಬತ್ತು, ವೃಷಣದ ಆ ಎಳೆಯ ಚರ್ಮದಲ್ಲಿ ನೂರು. ಅಂಗೈ ಇಷ್ಟು ದಪ್ಪವಿದ್ದರೂ ಪೂರ್ತಿ ತಡೆಯುವುದಿಲ್ಲ ಎಂಬುದನ್ನೂ ಗಮನಿಸಿ.

ಜಾಗದ ಜೊತೆಗೆ ಇನ್ನು ಮೂರು ಸಂಗತಿ ಸೇರುತ್ತವೆ. ಒದ್ದೆ, ಕಾವು, ಮುಚ್ಚಿಗೆ. ಬೆವರಿ ನೆನೆದ ಚರ್ಮ ಹೆಚ್ಚು ಹೀರುತ್ತದೆ. ಬಿಸಿಯಾದ ಚರ್ಮ ಹೆಚ್ಚು ಹೀರುತ್ತದೆ. ಹಚ್ಚಿದ ಮೇಲೆ ಪ್ಲಾಸ್ಟಿಕ್ಕಿನಿಂದಲೋ ಬಿಗಿ ಬಟ್ಟೆಯಿಂದಲೋ ಮುಚ್ಚಿದರೆ ಕೆಲವು ಔಷಧಗಳು ಹತ್ತು ಪಟ್ಟಿನವರೆಗೂ ಹೆಚ್ಚು ಇಳಿಯಬಲ್ಲವು. ಚರ್ಮ ಗೀರಿದ್ದರೆ, ಸುಟ್ಟಿದ್ದರೆ, ತುರಿಸಿ ಹುಣ್ಣಾಗಿದ್ದರೆ ಕಾವಲೇ ಇಲ್ಲ.

ನೆನಪಿರಲಿ: ಎಳೆಯ ಜಾಗ, ಒದ್ದೆ, ಕಾವು, ಮುಚ್ಚಿಗೆ. ಈ ನಾಲ್ಕನ್ನು ಇಟ್ಟುಕೊಂಡು ನಮ್ಮ ಮನೆಯ ಮುಲಾಮಿನ ಡಬ್ಬಿಗೆ ಬರೋಣ.

ಗಜಕರ್ಣ ಎಲ್ಲಿ ಏಳುತ್ತದೆ? ತೊಡೆಸಂದಿನಲ್ಲಿ, ಬಗಲಲ್ಲಿ, ಸೊಂಟದ ದಾರದ ಕೆಳಗೆ, ಸ್ತನದ ಅಡಿಯಲ್ಲಿ. ಅಂದರೆ ಎಳೆಯ ಜಾಗ, ಬೆವರಿನ ಒದ್ದೆ, ಬಿಸಿಲಿನ ಕಾವು, ಬಿಗಿ ಬಟ್ಟೆಯ ಮುಚ್ಚಿಗೆ, ನಾಲ್ಕೂ ಅಲ್ಲೇ ಇವೆ. ಬೆಂಗಳೂರಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವರು ಒಂದೇ ಕೋಣೆಯಲ್ಲಿ ಹತ್ತು ಜನ ಮಲಗಿ, ಒಬ್ಬರ ಟವೆಲ್ ಇನ್ನೊಬ್ಬರು ಬಳಸಿ, ಹಬ್ಬಕ್ಕೆ ಊರಿಗೆ ಬರುವಾಗ ಅದನ್ನೂ ಹೊತ್ತು ತರುತ್ತಾರೆ.

ತುರಿಕೆ ಶುರುವಾದರೆ ಔಷಧದ ಅಂಗಡಿಗೆ ಹೋಗಿ "ತಿಂಡಿ ಬಿಟ್ಟದ, ಒಂದು ಟ್ಯೂಬ್ ಕೊಡ್ರಿ" ಎನ್ನುತ್ತೇವೆ. ಸಿಗುವ ಟ್ಯೂಬು ಎಷ್ಟೋ ಸಲ ಮೂರು ಔಷಧಗಳ ಮಿಶ್ರಣ. ಒಂದು ಬೂಷ್ಟು ಕೊಲ್ಲುವುದು, ಒಂದು ಬ್ಯಾಕ್ಟೀರಿಯಾ ಕೊಲ್ಲುವುದು, ಒಂದು ಸ್ಟಿರಾಯ್ಡ್. ಸ್ಟಿರಾಯ್ಡಿನ ಹೆಸರುಗಳು ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಹೀಗಿರುತ್ತವೆ. ಹಚ್ಚಿದ ಎರಡೇ ದಿನಕ್ಕೆ ತಿಂಡಿ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಔಷಧ ಬಹಳ ಚಲೋ ಅದ ಎಂದುಕೊಳ್ಳುತ್ತೇವೆ.

ಒಳಗೆ ನಡೆಯುವುದು ಬೇರೆ. ಗಜಕರ್ಣ ತರುವ ಬೂಷ್ಟಿನ ವಿರುದ್ಧ ಚರ್ಮ ಕಾದಾಡುತ್ತಿತ್ತು. ಆ ಕಾದಾಟವೇ ತಿಂಡಿಯಾಗಿ, ಕೆಂಪಾಗಿ ಕಾಣುತ್ತಿತ್ತು. ಸ್ಟಿರಾಯ್ಡ್ ಕಾದಾಟವನ್ನು ನಿಲ್ಲಿಸಿತು. ಬೂಷ್ಟು ನಿರಾಳವಾಗಿ ಹರಡಿತು. ಟ್ಯೂಬು ಬಿಟ್ಟ ವಾರಕ್ಕೆ ರೂಪಾಯಿಯಷ್ಟಿದ್ದ ಉಂಗುರ ರೊಟ್ಟಿಯಷ್ಟಾಗಿ ಮರಳುತ್ತದೆ. ಮತ್ತೆ ಟ್ಯೂಬು. ತಿಂಗಳುಗಟ್ಟಲೆ ಹೀಗೆ ನಡೆದರೆ ತೊಡೆಸಂದಿನ ಚರ್ಮ ತೆಳುವಾಗುತ್ತದೆ. ಬಸುರಿಯ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಬೀಳುತ್ತವೆ. ಆ ಗೆರೆ ಮತ್ತೆ ಹೋಗುವುದಿಲ್ಲ. ಮುಖಕ್ಕೆ ಬಿಳುಪಿನ ಆಸೆಗೆ ಹಚ್ಚಿದರೆ ಮುಖ ಕೆಂಪೇರಿ, ಮೊಡವೆಯೆದ್ದು, ಬಿಸಿಲು ತಾಳದಂತಾಗುತ್ತದೆ. ದೊಡ್ಡ ಜಾಗಕ್ಕೆ ಬಹುದಿನ ಹಚ್ಚಿದ ಪ್ರಬಲ ಸ್ಟಿರಾಯ್ಡ್ ರಕ್ತಕ್ಕೂ ಸೇರುತ್ತದೆ. ನಮ್ಮ ಮೈ ತಾನೇ ತಯಾರಿಸುವ ಸ್ಟಿರಾಯ್ಡನ್ನು ನಿಲ್ಲಿಸಿಬಿಡುತ್ತದೆ.

ಇದನ್ನು ಕಂಡೇ ದೇಶದ ಚರ್ಮವೈದ್ಯರು ವರ್ಷಗಟ್ಟಲೆ ದನಿಯೆತ್ತಿದರು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಕಾಗದದಲ್ಲಿದೆ. ಅದನ್ನು ಜಾರಿಗೆ ತರಲು ನಿಮ್ಮ ಒಂದು ಪ್ರಶ್ನೆಯೂ ಬೇಕು. ಟ್ಯೂಬು ಕೈಗೆ ಕೊಟ್ಟಾಗ ಕೇಳಿ: "ಇದರಾಗ ಸ್ಟಿರಾಯ್ಡ್ ಅದೇನ್ರೀ?" ಇದೆ ಎಂದರೆ ವೈದ್ಯರಿಗೆ ತೋರಿಸದೆ ಹಚ್ಚಬೇಡಿ.

ಹಾಗೆಂದು ಸ್ಟಿರಾಯ್ಡ್ ಮುಲಾಮು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಸುಬಿಗೆ, ಸೋರಿಯಾಸಿಸ್‌ಗೆ ಅದು ಬೇಕು. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಬೇಕು. ಎಷ್ಟು ಎಂಬುದಕ್ಕೆ ಒಂದು ಸುಲಭದ ಅಳತೆಯಿದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಬಹುದಿನ ಹಚ್ಚಿದವರು ತಾವಾಗಿಯೇ ತಟ್ಟನೆ ಬಿಡಬೇಡಿ, ವೈದ್ಯರನ್ನು ಕೇಳಿ ಬಿಡಿ.

ನೋವಿನ ಮುಲಾಮಿನ ಕುರಿತೂ ಎರಡು ಮಾತು. ಮೊಳಕಾಲಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಗುಳಿಗೆಯ ಹೋಲಿಕೆಯಲ್ಲಿ ರಕ್ತಕ್ಕೆ ಬಹಳ ಸ್ವಲ್ಪ ಇಳಿಯುತ್ತದೆ, ನೂರಕ್ಕೆ ಆರರಷ್ಟು. ವಯಸ್ಸಾದವರ ಹೊಟ್ಟೆಗೆ, ಮೂತ್ರಪಿಂಡಕ್ಕೆ ಇದು ಗುಳಿಗೆಗಿಂತ ಹಗುರ. ಆದರೆ ಘಾಟು ವಾಸನೆಯ ಬಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಅದು ಆಸ್ಪಿರಿನ್ನಿನ ಸಂಬಂಧಿ. ಹೃದಯದ ಕವಾಟ ಹಾಕಿಸಿಕೊಂಡು ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರು ಇಂಥ ಬಾಮು ಮೈತುಂಬ ತಿಕ್ಕಿಕೊಂಡರೆ ರಕ್ತಸ್ರಾವವಾಗಬಹುದು. ಬಾಮು ಹಚ್ಚಿದ ಮೇಲೆ ಕಾವು ಕೊಡುವುದು ಯಾರಿಗೂ ಬೇಡ.

ದೊಡ್ಡವರ ಮಾತಾಯಿತು. ಕೂಸುಗಳ ವಿಷಯ ಇನ್ನೂ ಸೂಕ್ಷ್ಮ. ಕೂಸಿನ ತೂಕ ಕಡಿಮೆ. ಆದರೆ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಎರಡು ಮೂರು ಪಟ್ಟು. ಹಾಗಾಗಿ ಅಷ್ಟೇ ಹಚ್ಚಿದರೂ ಕೂಸಿನ ಮೈಗೆ ಬೀಳುವ ಪಾಲು ಹೆಚ್ಚು. 1972ರಲ್ಲಿ ಫ್ರಾನ್ಸಿನಲ್ಲಿ ಮಕ್ಕಳ ಪೌಡರಿಗೆ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ತಪ್ಪಿನಿಂದ ವಿಪರೀತ ಬೆರೆತುಹೋಯಿತು. ಆ ಪೌಡರು ಹಚ್ಚಿಸಿಕೊಂಡ 36 ಮಕ್ಕಳು ಸತ್ತವು. ಬಾಯಿಗೆ ಹಾಕಿದ್ದಲ್ಲ, ಕುಂಡೆಗೆ ಹಚ್ಚಿದ್ದು.

ಅದಕ್ಕೇ ತಾಯಂದಿರೇ, ಅಜ್ಜಿಯರೇ, ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರದ ಎಣ್ಣೆ, ಕರ್ಪೂರವಿರುವ ಬಾಮು ಹಚ್ಚಬೇಡಿ. ಮೂಗಿನೊಳಗಂತೂ ಬೇಡವೇ ಬೇಡ. ಕೂಸಿನ ತೊಡೆಸಂದು ಕೆಂಪಾಗಿದ್ದರೆ ದೊಡ್ಡವರ ಗಜಕರ್ಣದ ಟ್ಯೂಬು ಹಚ್ಚಬೇಡಿ. ಮೇಲೆ ಲಂಗೋಟಿ ಬಿಗಿದರೆ ಅದೇ ಮುಚ್ಚಿಗೆಯಾಗುತ್ತದೆ. ಇನ್ನೊಂದು ಮಾತು, ಬಹಳ ಮುಖ್ಯವಾದದ್ದು. ಹೇನು ಸಾಯಲೆಂದು ಹೊಲದ ಎಣ್ಣಿಯನ್ನು, ದನದ ಉಣ್ಣೆಯ ಔಷಧವನ್ನು ಹುಡುಗಿಯರ ತಲೆಗೆ ಹಚ್ಚಬೇಡಿ. ತಲೆಯ ಚರ್ಮದಲ್ಲಿ ನೂರಕ್ಕೆ ಮೂವತ್ತೆರಡು ಪಾಲು ಒಳಗೆ ಹೋದದ್ದನ್ನು ಈಗಷ್ಟೇ ಹೇಳಿದೆ. ಹೇನಿಗೆ ಪರ್ಮೆಥ್ರಿನ್ ಎಂಬ ಲೋಷನ್ ಇದೆ. ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ, ಹೇಳಿದ ಹಾಗೆ ಬಳಸಿ.

ಇಷ್ಟು ಹೊತ್ತು ಬೇಕೆಂದು ಹಚ್ಚಿಕೊಳ್ಳುವುದರ ಕುರಿತು ಕೇಳಿದಿರಿ. ಕೊನೆಯದು, ಬೇಡವೆಂದರೂ ಮೈಗೆ ಹತ್ತುವುದರ ಕುರಿತು.

ಮಳೆಗಾಲ ಶುರುವಾದರೆ ಹುಣಸಗಿಯಿಂದ ವಡಗೇರಾದವರೆಗೆ ಪಂಪಿನ ಸದ್ದು. ಎಣ್ಣಿ ಹೊಡೆಯುವಾಗ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೇವೆ. ಉಸಿರಿನಿಂದ ಹೋಗುತ್ತದೆ ಎಂಬ ಭಯ ನಮಗಿದೆ. ಅದು ಸರಿಯೇ. ಆದರೆ ಬೆನ್ನಿನ ಅಂಗಿ ನೆನೆದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಲದಲ್ಲಿ ಮೈಗೆ ಸೇರುವ ವಿಷದ ದೊಡ್ಡ ಪಾಲು ಸಾಮಾನ್ಯವಾಗಿ ಚರ್ಮದಿಂದಲೇ ಹೋಗುತ್ತದೆ.

ಸೋರುವ ಪಂಪು ಬೆನ್ನಿಗಿದೆ. ಅಂಗಿ ನೆನೆದಿದೆ. ನೆನೆದ ಅಂಗಿಯ ಮೇಲೆ ಪಂಪು ಒತ್ತಿ ಕೂತಿದೆ. ಕೆಳಗೆ ಚಡ್ಡಿ, ಲುಂಗಿ ಒದ್ದೆ. ಮೇಲೆ ಬಿಸಿಲು. ಸಂಜೆಯವರೆಗೆ ಅದೇ ಬಟ್ಟೆ. ಔಷಧದ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದಿರಲ್ಲ. ಔಷಧವನ್ನು ಚರ್ಮಕ್ಕೆ ಒತ್ತಿ, ಮುಚ್ಚಿ, ತಾಸುಗಟ್ಟಲೆ ಬಿಡುವುದು. ನೆನೆದ ಅಂಗಿ ಮಾಡುವುದೂ ಅದನ್ನೇ. ಆ ಪಟ್ಟಿಯಲ್ಲಿ ಅಳತೆಯಿತ್ತು, ಇಲ್ಲಿ ಅಳತೆಯೂ ಇಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಏನಾಯಿತೆಂದು ಹಲವರಿಗೆ ನೆನಪಿರಬಹುದು. ಅದೂ ನಮ್ಮಂತೆಯೇ ಹತ್ತಿಯ ಸೀಮೆ. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು. ಮೇಲಕ್ಕೆ ಹೊಡೆದ ಎಣ್ಣಿ ಮುಖ, ಎದೆಯ ಮೇಲೆಯೇ ಬೀಳುತ್ತಿತ್ತು. ಸುಮಾರು ಇಪ್ಪತ್ತು ಮಂದಿ ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು.

ಎಣ್ಣಿಯ ಡಬ್ಬಿಯ ಮೇಲೆ ಒಂದು ಗುರುತಿದೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಕಾಣುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ. ಹಳದಿ ಎಂದರೆ ಘೋರ. ನೀಲಿ ಎಂದರೆ ಮಧ್ಯಮ. ಹಸಿರು ಎಂದರೆ ಕಡಿಮೆ. 1971ರ ಕೀಟನಾಶಕ ನಿಯಮಗಳು ಈ ಬಣ್ಣ ಗೊತ್ತುಮಾಡುವಾಗ ಎರಡು ಲೆಕ್ಕ ನೋಡುತ್ತವೆ. ನುಂಗಿದರೆ ಎಷ್ಟಕ್ಕೆ ಸಾವು, ಚರ್ಮಕ್ಕೆ ತಗುಲಿದರೆ ಎಷ್ಟಕ್ಕೆ ಸಾವು. ಚರ್ಮದ ದಾರಿಯನ್ನು ಕಾನೂನೇ ಒಪ್ಪಿಕೊಂಡಿದೆ. ಹಸಿರು ಇದ್ದರೂ ಎಚ್ಚರ ಬಿಡಬೇಡಿ.

ನಲವತ್ತು ಡಿಗ್ರಿ ಬಿಸಿಲಲ್ಲಿ ಮೈಪೂರ್ತಿ ರಬ್ಬರಿನ ಕೋಟು ತೊಡಿ ಎಂದರೆ ಯಾರೂ ತೊಡುವುದಿಲ್ಲ. ಆಗುವಂಥದ್ದನ್ನೇ ಹೇಳುತ್ತೇನೆ. ಸೋರುವ ಪಂಪನ್ನು ರಿಪೇರಿ ಮಾಡಿಸದೆ ಬೆನ್ನಿಗೇರಿಸಬೇಡಿ. ಪಂಪು ಮತ್ತು ಬೆನ್ನಿನ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ, ಮುಂದೆ ಸೊಂಟದಿಂದ ಮೊಳಕಾಲವರೆಗೆ ಇನ್ನೊಂದು. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಎಣ್ಣಿ ಕಲಸುವಾಗ ಕೈಗೆ ರಬ್ಬರಿನ ಗ್ಲೌಸು ಇರಲೇಬೇಕು. ಡಬ್ಬಿಯಲ್ಲಿರುವುದು ನೀರು ಬೆರೆಸದ ಗಟ್ಟಿ ವಿಷ. ಕೋಲಿನಿಂದ ಕಲಸಿ, ಕೈಯಿಂದ ಬೇಡ. ಗಾಳಿಗೆ ಎದುರಾಗಿ ಹೊಡೆಯಬೇಡಿ. ನಾಜಲ್ ಕಟ್ಟಿದರೆ ಬಾಯಿಂದ ಊದಬೇಡಿ. ಮೂತ್ರಕ್ಕೆ ಹೋಗುವ ಮೊದಲು ಕೈ ತೊಳೆಯಿರಿ, ಯಾಕೆಂದು ನೂರಕ್ಕೆ ನೂರರ ಲೆಕ್ಕ ಕೇಳಿದವರಿಗೆ ಹೇಳಬೇಕಾಗಿಲ್ಲ. ಅಂಗಿ ನೆನೆದರೆ ಸಂಜೆಯವರೆಗೆ ಕಾಯದೆ ಆಗಲೇ ಬಿಚ್ಚಿ, ತೊಳೆದುಕೊಂಡು ಬೇರೆ ಹಾಕಿ. ಮನೆಗೆ ಬಂದ ಮೇಲೆ ಮೊದಲು ಸ್ನಾನ, ಆಮೇಲೆ ಕೂಸನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ. ಯಾವ ಬೆಳೆಗೆ ಯಾವುದು, ಎಷ್ಟು ಎಂಬ ಸಂಶಯವಿದ್ದರೆ ಸುರಪುರ ತಾಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿಯ ಕೃಷಿ ಕಾಲೇಜು ಹತ್ತಿರದಲ್ಲೇ ಇವೆ.

ಇಷ್ಟಾದರೂ ವಿಷ ಹತ್ತಿದರೆ ಗುರುತು ಹೇಗೆ? ತಲೆಸುತ್ತು, ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು. ಬಿಸಿಲು ಬಡಿದಿದೆ ಎಂದುಕೊಂಡು ಮರದ ನೆರಳಲ್ಲಿ ಮಲಗಿಸಿ ಸುಮ್ಮನಾಗಬೇಡಿ. ಮೊದಲು ಬಟ್ಟೆ ಬಿಚ್ಚಿ. ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ಮೈ, ಕೂದಲು, ಉಗುರುಸಂದು ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಿ. ಎಣ್ಣೆ, ತುಪ್ಪ ಸವರಬೇಡಿ. ಕೊಬ್ಬಿನಲ್ಲಿ ಕರಗುವ ವಿಷಕ್ಕೆ ಅದರಿಂದ ದಾರಿ ಇನ್ನೂ ಸಲೀಸು. 108ಕ್ಕೆ ಕರೆ ಮಾಡಿ. ಎಣ್ಣಿಯ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಯಾವ ವಿಷ ಎಂದು ಗೊತ್ತಾದರೆ ವೈದ್ಯರು ಅಟ್ರೋಪಿನ್ ಮುಂತಾದ ಪ್ರತಿವಿಷವನ್ನು ತಡಮಾಡದೆ ಶುರುಮಾಡುತ್ತಾರೆ.

ಕೇಳುಗರೇ, ಈ ಎಲ್ಲ ಎಚ್ಚರಿಕೆಗಳಲ್ಲಿ ಒಂದು ತೊಡಕಿದೆ. ಮುಲಾಮು ಹಚ್ಚಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ಕೂಲಿಗೆ ಎಣ್ಣಿ ಹೊಡೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಪಂಪು ಹೊಲದ ಸಾವಕಾರರದು, ಡಬ್ಬಿ ಅವರದು, ಹೊತ್ತು ಗೊತ್ತುಮಾಡುವವರೂ ಅವರೇ. ಮರುದಿನ ಅದೇ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಬರುವ ಹೆಣ್ಣುಮಕ್ಕಳಿಗೆ ನಿನ್ನೆ ಏನು ಹೊಡೆದರೆಂದು ಯಾರೂ ಹೇಳಿರುವುದಿಲ್ಲ. ಬರಿಗೈಯಲ್ಲಿ ಬಿಡಿಸುತ್ತಾರೆ.

ಹಾಗಾಗಿ ನನ್ನ ಕೊನೆಯ ಮಾತು ಹೊಲದೊಡೆಯರಿಗೆ. ಎಣ್ಣಿಗೆ ಸಾವಿರಾರು ರೂಪಾಯಿ ಹಾಕುತ್ತೀರಿ. ಅದರ ಜೊತೆಗೆ ಒಂದು ಜೊತೆ ಗ್ಲೌಸು, ಒಂದು ಪ್ಲಾಸ್ಟಿಕ್ ಹಾಳೆ, ಒಂದು ಸಾಬೂನು, ಎರಡು ಕೊಡ ನೀರು ಹೊಲದಲ್ಲಿಡಿ. ಯಾವ ಹೊಲಕ್ಕೆ ಯಾವಾಗ ಹೊಡೆದಿದೆ, ಎಷ್ಟು ದಿನ ಒಳಗೆ ಹೋಗಬಾರದು ಎಂದು ಕೂಲಿಯವರಿಗೆ ಬಾಯಿಬಿಟ್ಟು ಹೇಳಿ. ಮೈ ತೊಳೆದುಕೊಳ್ಳುವ ಅರ್ಧ ತಾಸನ್ನು ಕೂಲಿಯಲ್ಲಿ ಮುರಿಯಬೇಡಿ, ಅದನ್ನೂ ಕೆಲಸದ ಹೊತ್ತೆಂದೇ ಹಿಡಿಯಿರಿ. ಇದಕ್ಕೆ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಿಲ್ಲ. ಈ ಹಂಗಾಮಿನಿಂದಲೇ ಶುರುಮಾಡಬಹುದು.